ಬಿಸಿನೀರಿನ ಬುಗ್ಗೆಯಿಂದ ಬಂದ ಕಿಣ್ವ

ಮೊಟ್ಟೆಯನ್ನು ಬೇಯಿಸಿದರೆ ಅದರ ಬಿಳಿ ಭಾಗ ಗಟ್ಟಿಯಾಗುತ್ತದೆ. ಶಾಖಕ್ಕೆ ಪ್ರೋಟೀನಿನ ಮಡಿಕೆಗಳು ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಜೀವಕೋಶದ ಹೆಚ್ಚಿನ ಕೆಲಸಗಳು ಪ್ರೋಟೀನುಗಳಿಂದಲೇ ನಡೆಯುತ್ತವೆ. ಹಾಗಾದರೆ ಮುಟ್ಟಲಾಗದಷ್ಟು ಬಿಸಿಯಾದ ನೀರಿನಲ್ಲಿ ಜೀವಿಗಳು ಬದುಕಲು ಸಾಧ್ಯವೇ?

ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಅವರನ್ನು ಕಾಡಿದ್ದು ಇದೇ ಪ್ರಶ್ನೆ. 1964ರಲ್ಲಿ ಅವರು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಗಳನ್ನು ನೋಡಿದರು. ಆಗ ಉಷ್ಣಪ್ರಿಯ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೆಳೆಸುತ್ತಿದ್ದರು. ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ 70 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿ ಪ್ರಯತ್ನಿಸಿದರು. 1966ರಲ್ಲಿ ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯ ಮಾದರಿಯಿಂದ ಹೊಸದೊಂದು ಬ್ಯಾಕ್ಟೀರಿಯಾ ಸಿಕ್ಕಿತು. 1969ರಲ್ಲಿ ಅದಕ್ಕೆ 'ಥರ್ಮಸ್ ಅಕ್ವಾಟಿಕಸ್' ಎಂದು ಹೆಸರಿಟ್ಟರು. ಸುಮಾರು 70 ಡಿಗ್ರಿಯಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ.

ಇಂಥ ಜೀವಿಗಳ ಪ್ರೋಟೀನು ಬೇರೆ ವಸ್ತುವಿನಿಂದ ಆದದ್ದಲ್ಲ. ನಮ್ಮಲ್ಲಿರುವ ಅಮೈನೋ ಆಮ್ಲಗಳೇ ಅಲ್ಲಿಯೂ ಇವೆ. ಆದರೆ ಮಡಿಕೆಗಳು ಒತ್ತಾಗಿವೆ; ಧನ ಮತ್ತು ಋಣ ವಿದ್ಯುದಂಶಗಳ ಆಕರ್ಷಣೆ ಅವುಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಿಸಿಗೆ ಕರಗಿ ಸೋರದಂತೆ ಕೋಶಪೊರೆಯ ಕೊಬ್ಬಿನ ರಚನೆಯೂ ಮಾರ್ಪಟ್ಟಿದೆ.

ಬ್ರಾಕ್ ತಮ್ಮ ಜೀವಿಯನ್ನು ಸಾರ್ವಜನಿಕ ಸಂಗ್ರಹಕ್ಕೆ ಕೊಟ್ಟರು. ಅದರಿಂದಾಗಿ ಬೇರೆಯವರಿಗೂ ಅದು ದೊರಕಿತು. 1976ರಲ್ಲಿ ಆಲಿಸ್ ಚೀನ್ ಮತ್ತು ಸಂಗಡಿಗರು ಅದರಿಂದ ಡಿಎನ್‌ಎ ಪ್ರತಿ ಮಾಡುವ ಕಿಣ್ವವನ್ನು ಬೇರ್ಪಡಿಸಿದರು. ಅದೇ 'ಟ್ಯಾಕ್'. 1983ರಲ್ಲಿ ಕ್ಯಾರಿ ಮುಲ್ಲಿಸ್ ಡಿಎನ್‌ಎಯನ್ನು ಅನೇಕ ಪಟ್ಟು ಹೆಚ್ಚಿಸುವ ಪಿಸಿಆರ್ ವಿಧಾನವನ್ನು ಯೋಚಿಸಿದರು. ಅದರಲ್ಲಿ ಪ್ರತಿ ಸುತ್ತಿನಲ್ಲೂ ಸುಮಾರು 95 ಡಿಗ್ರಿಗೆ ಕಾಯಿಸಬೇಕು. ಮೊದಲು ಬಳಸಿದ ಕಿಣ್ವ ಆ ಶಾಖಕ್ಕೆ ಕೆಡುತ್ತಿದ್ದುದರಿಂದ ಪ್ರತಿ ಸಲವೂ ಹೊಸದಾಗಿ ಸೇರಿಸಬೇಕಿತ್ತು. ಟ್ಯಾಕ್ ಬಂದ ಮೇಲೆ ಆ ತೊಂದರೆ ತಪ್ಪಿತು. ಮುಲ್ಲಿಸ್ ಅವರಿಗೆ 1993ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು.

2021ರಲ್ಲಿ ತಲಪಾಡಿ ಗಡಿ ದಾಟಲು ಕಾಸರಗೋಡಿನ ನಾವು ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕಾಗಿತ್ತಲ್ಲ, ಆ ಪರೀಕ್ಷೆ ಬೆಳೆದು ಬಂದ ದಾರಿ ಇದು. ಬ್ರಾಕ್ ಅದೇ ವರ್ಷ ತೀರಿಕೊಂಡರು. ಬುಗ್ಗೆಯ ಬಳಿ ನಿಂತಾಗ ಅವರು ಯಾವ ಔಷಧವನ್ನೂ, ಪರೀಕ್ಷೆಯನ್ನೂ ಹುಡುಕುತ್ತಿರಲಿಲ್ಲ. ಅಲ್ಲಿ ಏನು ಬದುಕಿದೆ ಎಂದಷ್ಟೇ ತಿಳಿಯಬೇಕಿತ್ತು. ತರಗತಿಯಲ್ಲಿ ಮಕ್ಕಳು ಪಾಠದಲ್ಲಿಲ್ಲದ ಪ್ರಶ್ನೆ ಕೇಳಿದಾಗ "ಅದರಿಂದ ಏನು ಪ್ರಯೋಜನ?" ಎಂದು ಸುಮ್ಮನಾಗಿಸುವ ಮೊದಲು ನಾವು ಶಿಕ್ಷಕರು ಈ ಚರಿತ್ರೆಯನ್ನು ನೆನೆಯಬೇಕು.