ಅಮೆರಿಕದ ಯುದ್ಧವೂ ಧಾರವಾಡದ ಹತ್ತಿಯೂ



ಕೊರೋನಾ ಕಾಲದ ನಂತರ ಶಾಲೆ ಮತ್ತೆ ತೆರೆದಾಗ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಎಲ್ಲೋ ಹಡಗು ನಿಂತರೆ ನಮ್ಮೂರಲ್ಲಿ ಬೆಲೆ ಯಾಕೆ ಏರುತ್ತದೆ?" ಅವನಿಗೆ ಸುಮಾರು 160 ವರ್ಷಗಳ ಹಿಂದಿನ ಧಾರವಾಡದ ಸಂಗತಿಯನ್ನು ಹೇಳಿದೆ. ಅದನ್ನೇ ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಅಮೆರಿಕದಿಂದಲೇ ಬರುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಅಲ್ಲಿನ ಗುಲಾಮರು. 1861ರಲ್ಲಿ ಅಂತರ್ಯುದ್ಧ ಆರಂಭವಾಗಿ, ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಗಿರಣಿಗಳು ನಿಂತವು. ಆಗ ಇಂಗ್ಲೆಂಡಿನ ಕಣ್ಣು ಬಿದ್ದದ್ದು ನಮ್ಮ ಎರೆಹೊಲಗಳ ಮೇಲೆ.

ಧಾರವಾಡದಲ್ಲಿ 1840ರ ದಶಕದಿಂದಲೇ ಅಮೆರಿಕದ ಹತ್ತಿ ತಳಿಯನ್ನು ಬೆಳೆಯಲಾಗುತ್ತಿತ್ತು. ರೈಲು ಇರಲಿಲ್ಲ. ಬಂಡಿಗಳಲ್ಲಿ, ಎತ್ತುಗಳ ಬೆನ್ನ ಮೇಲೆ ಅರಳೆ ಘಟ್ಟ ಇಳಿದು ಕುಮಟಾ ಸೇರಿ, ಅಲ್ಲಿಂದ ಹಾಯಿದೋಣಿಯಲ್ಲಿ ಮುಂಬಯಿಗೆ ಹೋಗುತ್ತಿತ್ತು. ವ್ಯಾಪಾರಿಗಳು ಈ ಕಡೆಯ ನಾಡತಳಿಯನ್ನು 'ಕುಮಟಾ' ಎಂದೇ ಕರೆಯುತ್ತಿದ್ದರು. ಕುಮಟಾದಲ್ಲಿ ಒಂದು ಹತ್ತಿ ಗಿಡವೂ ಬೆಳೆಯುತ್ತಿರಲಿಲ್ಲ ಎನ್ನಿ! ಹತ್ತಿಗೆ ಒಳ್ಳೆಯ ಬಂದರು ಬೇಕೆಂಬ ಆಸೆಯೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಲು ಮುಖ್ಯ ಕಾರಣ. ಜಿಲ್ಲೆಯ ಗಡಿಯನ್ನೂ ಹತ್ತಿಯೇ ಬರೆಯಿತು. ಮ್ಯಾಂಚೆಸ್ಟರಿನ ಒಂದು ಕಂಪನಿ ಕಾರವಾರದ ಬಳಿಯ ಸದಾಶಿವಗಡಕ್ಕೆ ಯಂತ್ರಗಳನ್ನು ಕಳುಹಿಸಿತು. ಅವು ಬಂದಾಗ ಧಕ್ಕೆಯೂ ಇಲ್ಲ, ಘಟ್ಟದ ರಸ್ತೆಯೂ ಇಲ್ಲ.

ಬೆಲೆ ಮಾತ್ರ ಮೂರು ಪಟ್ಟಿಗೂ ಮೀರಿ ಏರಿತು. ರೈತರು ಜೋಳದ ಹೊಲಕ್ಕೂ ಹತ್ತಿ ಹಾಕಿದರು, ಜೋಳ ದುಬಾರಿಯಾಯಿತು. ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು. ತೂಕ ಹೆಚ್ಚಿಸಲು ಅರಳೆಗೆ ಬೀಜ, ಕಸ ಬೆರೆಸುವ ದಂಧೆಯೂ ಬೆಳೆಯಿತು. ಅದನ್ನು ತಡೆಯಲು ಸರ್ಕಾರ 1863ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದರು. ಗುಲಾಮಗಿರಿ ಕೊನೆಗೊಂಡಿತು, ಅದು ಮನುಕುಲಕ್ಕೇ ಸಂತೋಷದ ಸಂಗತಿ, ಎರಡು ಮಾತಿಲ್ಲ. ಆದರೆ ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯಲ್ಲಿ ಜುಲೈ ಹೊತ್ತಿಗೆ ಷೇರು ವ್ಯಾಪಾರಿಗಳು ದಿವಾಳಿಯಾದರು. ಇತಿಹಾಸದ ಪುಸ್ತಕಗಳು ಈ ದಿವಾಳಿಯನ್ನು ವಿವರವಾಗಿ ಬರೆಯುತ್ತವೆ. ರೈತನ ವಿಷಯ ಎರಡು ಸಾಲಿನಲ್ಲಿ ಮುಗಿಯುತ್ತದೆ. ಹತ್ತಿಯ ಬೆಲೆ ಇಳಿದರೂ ಸಾಲ ಇಳಿಯಲಿಲ್ಲ. ಪುಣೆಯ ಕಡೆ ಕೆಲವು ತಾಲ್ಲೂಕುಗಳಲ್ಲಿ ಒಳ್ಳೆಯ ಕಾಲವನ್ನು ನೋಡಿ ಕಂದಾಯವನ್ನೂ ಏರಿಸಲಾಯಿತು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಮರುವರ್ಷವೇ ಬರ ಬಂತು. ಧಾರವಾಡ, ವಿಜಾಪುರಗಳೂ ತತ್ತರಿಸಿದವು.

ಇದು ನಮ್ಮೊಬ್ಬರ ಕಥೆಯಲ್ಲ. ಅದೇ ಯುದ್ಧಕಾಲದಲ್ಲಿ ಈಜಿಪ್ಟಿನ ಹತ್ತಿ ರಫ್ತು ಸುಮಾರು ನಾಲ್ಕು ಪಟ್ಟಾಯಿತು. 1863ರಲ್ಲಿ ಅಧಿಕಾರಕ್ಕೆ ಬಂದ ಇಸ್ಮಾಯಿಲ್ ಪಾಷಾ ರೈಲು, ಕಾಲುವೆ, ಅರಮನೆಗಳಿಗೆಂದು ಯುರೋಪಿನಿಂದ ಸಾಲ ತಂದರು. ಶಾಲೆಗಳನ್ನೂ ತೆರೆದರು, ಅದನ್ನು ಮರೆಯಬಾರದು. ಬೆಲೆ ಬಿದ್ದ ಮೇಲೂ ಅವರ ಸಾಲ ನಿಲ್ಲಲಿಲ್ಲ. 1875ರಲ್ಲಿ ಸೂಯೆಜ್ ಕಾಲುವೆಯ ಷೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿದರು. ಮರುವರ್ಷ ದೇಶ ದಿವಾಳಿ. ಖಜಾನೆ ವಿದೇಶಿಯರ ಉಸ್ತುವಾರಿಗೆ ಹೋಯಿತು, 1882ರಲ್ಲಿ ಬ್ರಿಟಿಷ್ ಸೈನ್ಯವೇ ಬಂದಿಳಿಯಿತು.

ಕುಮಟಾದ ಗತಿ? 1880ರ ದಶಕದಲ್ಲಿ ರೈಲು ಮಾರ್ಮಗೋವಾ ಬಂದರನ್ನು ಮುಟ್ಟಿತು. ಹತ್ತಿ ಆ ದಾರಿ ಹಿಡಿಯಿತು. 'ಕುಮಟಾ' ಎಂಬ ಹೆಸರು ಮಾತ್ರ ಬಹುಕಾಲ ಹತ್ತಿಪೇಟೆಯಲ್ಲಿ ಉಳಿದಿತ್ತು.