ಅವಿನಾಶಿಯ ಗ್ರಹಣ

ಇಂದು ತಿರುಪ್ಪೂರು ಜಿಲ್ಲೆಗೆ ಸೇರಿರುವ, ಅಂದು ಕೊಯಮತ್ತೂರಿನದಾಗಿದ್ದ ಅವಿನಾಶಿಯೆಂಬ ಶಿವಕ್ಷೇತ್ರದಲ್ಲಿ, 1871ರ ಡಿಸೆಂಬರ್ 12ರ ಬೆಳಗ್ಗೆ, ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್ನರೂ, ಪಂಚಾಂಗಕರ್ತರ ಮನೆತನದ ಚಿಂತಾಮಣಿ ರಘುನಾಥಾಚಾರ್ಯರೂ ಖಗ್ರಾಸ ಸೂರ್ಯಗ್ರಹಣವನ್ನು ಇದಿರುನೋಡುತ್ತಿದ್ದರು. ಚಂದ್ರನ ಅದೇ ನೆರಳು ನಮ್ಮ ಕಾಸರಗೋಡಿನ ಬೇಕಲ ಕೋಟೆಯನ್ನೂ, ನೀಲಗಿರಿಯ ದೊಡ್ಡಬೆಟ್ಟವನ್ನೂ ದಾಟಿ ಬಂದಿತ್ತು. ಬೇಕಲದಲ್ಲಿ ಖಗೋಳಜ್ಞ ಲಾಕಿಯರರ ತಂಡವೂ ದೊಡ್ಡಬೆಟ್ಟದಲ್ಲಿ ಖಗೋಳಜ್ಞ ಟೆನೆಂಟರ ತಂಡವೂ ಬೀಡುಬಿಟ್ಟಿದ್ದವು; ಎರಡೆಡೆಯಲ್ಲಿಯೂ ಸೂರ್ಯಕಿರೀಟದ (ಕರೋನಾದ) ಛಾಯಾಚಿತ್ರಗಳು ದೊರೆತವು.

ಆ ಕಾಲದ ಛಾಯಾಗ್ರಹಣವೆಂದರೆ ಎಂತಹ ಶ್ರಮ! ಗಾಜಿನ ಫಲಕಕ್ಕೆ ಕೊಲೋಡಿಯನ್ ಹೊಯ್ದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ತೇವ ಆರುವ ಮುನ್ನವೇ ಬೆಳಕಿಗೊಡ್ಡಿ, ಕತ್ತಲಕೋಣೆಗೆ ಒಯ್ದು ತೊಳೆಯಬೇಕು. ಪೂರ್ಣಗ್ರಾಸವಾದರೋ ಎರಡು ನಿಮಿಷಗಳ ಆಸುಪಾಸು. ಸೂರ್ಯಕಿರೀಟಕ್ಕೆ ಅಷ್ಟು ಸಾಕಾಯಿತು, ಮಸುಕಾದ ನೀಹಾರಿಕೆಗೆ ಸಾಲದು. ಒಣಫಲಕ ಬಂದ ಮೇಲೆಯೇ, 1880ರಲ್ಲಿ, ಅಮೆರಿಕದ ಹೆನ್ರಿ ಡ್ರೇಪರರು ಸುಮಾರು 50 ನಿಮಿಷ ಒಡ್ಡಿ ಮಹಾವ್ಯಾಧದ (ಓರಿಯನ್) ನೀಹಾರಿಕೆಯನ್ನು ಸೆರೆಹಿಡಿದರು.

ಇಂದು ಹವ್ಯಾಸಿಗಳೂ ನೀಹಾರಿಕೆಗಳನ್ನು ಸೆರೆಹಿಡಿಯುತ್ತಾರೆ. ಅವುಗಳಲ್ಲಿ, ಸಾಯುವ ತಾರೆ ಕಳಚಿದ ಹೊದಿಕೆಯಾದ ಗ್ರಹರೂಪಿ ನೀಹಾರಿಕೆಗಳು ಬಹುಮಟ್ಟಿಗೆ ಅಯಾನೀಕೃತ ಆಮ್ಲಜನಕದ 500.7 ನ್ಯಾನೋಮೀಟರಿನ ಹಸಿರಿನಲ್ಲಿ ಬೆಳಗುತ್ತವೆ. ಆ ಒಂದೇ ಬಣ್ಣವನ್ನು ಒಳಬಿಡುವ ಶೋಧಕವನ್ನು ದೂರದರ್ಶಕಕ್ಕೆ ತೊಡಿಸಿ, ರಾತ್ರಿ ರಾತ್ರಿಯ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವ ಇಂದಿನ ಹವ್ಯಾಸಿಯನ್ನು ನಾನು ಅವಿನಾಶಿಯ ಆ ಬೆಳಗಿನ ವಂಶಜನೆಂದೇ ಎಣಿಸುತ್ತೇನೆ. ಅವರಿಗೆ ಎರಡು ನಿಮಿಷ, ಇವನಿಗೆ ಇಪ್ಪತ್ತು ಗಂಟೆ.