ಕಂಪೆನಿಯ ರೈಲು, ಸರ್ಕಾರದ ಖಾತರಿ

ತುಮಕೂರು ಜಿಲ್ಲೆಯ ನಕ್ಷೆಯನ್ನೊಮ್ಮೆ ತೆರೆದಿಡಿ. ತುಮಕೂರು, ಗುಬ್ಬಿ, ತಿಪಟೂರುಗಳನ್ನು ಮುಟ್ಟಿಕೊಂಡು ಅರಸೀಕೆರೆಯತ್ತ ಒಂದು ರೈಲುಹಾದಿ ಸಾಗುತ್ತದೆ. ಜಿಲ್ಲೆಯ ಪೂರ್ವದ ಗಡಿಯಾಚೆ ಗೌರಿಬಿದನೂರು, ಹಿಂದೂಪುರಗಳ ಮೂಲಕ ಗುಂತಕಲ್ಲಿಗೆ ಇನ್ನೊಂದು. ಇವೆರಡರ ನಡುವೆ ಉಳಿದುಬಿಟ್ಟ ಪ್ರದೇಶವೇ ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ. ಇಲ್ಲಿನ ಜನ ರೈಲು ಹತ್ತಲು ಮೊದಲು ಗಾಡಿಯನ್ನೋ ಬಸ್ಸನ್ನೋ ಹತ್ತುತ್ತ ತಲೆಮಾರುಗಳನ್ನೇ ಕಳೆದರು.

ಎರಡೂ ಹಾದಿಗಳು ಹತ್ತೊಂಬತ್ತನೆಯ ಶತಮಾನದವು. ಎರಡರಲ್ಲೂ ರೈಲು ಓಡಿಸಿದ್ದು ಒಂದೇ ಖಾಸಗಿ ಸಂಸ್ಥೆ: 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪೆನಿ.

ಕಥೆ ಆರಂಭವಾಗುವುದು ಬರದಿಂದ. 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಎತ್ತಿನ ಗಾಡಿಗಳಿಂದ ಧಾನ್ಯ ಸಾಗಿಸುವುದು ಎಷ್ಟು ಕಷ್ಟವೆಂದು ಮೈಸೂರು ಸಂಸ್ಥಾನ ಕಂಡಿತ್ತು. ತನ್ನದೇ ಹಣದಿಂದ ಮೀಟರ್ ಗೇಜ್ ಹಳಿ ಹಾಕಿಸಿತು. 1882ರಲ್ಲಿ ಬೆಂಗಳೂರು-ಮೈಸೂರು ಮಾರ್ಗ ಪೂರ್ಣವಾಯಿತು. 1884ರಲ್ಲಿ ರೈಲು ತುಮಕೂರು, ಗುಬ್ಬಿಗಳನ್ನು ತಲುಪಿತು. ಮುಂದಕ್ಕೆ ಹರಿಹರದವರೆಗೆ ಹೋಗಬೇಕು, ಬೊಕ್ಕಸದಲ್ಲಿ ಹಣ ಸಾಲದು. ಕ್ಷಾಮದ ಸಾಲವೇ ಇನ್ನೂ ತಲೆಯ ಮೇಲಿತ್ತು. 1886ರಲ್ಲಿ ಮೈಸೂರಿನಿಂದ ಗುಬ್ಬಿಯವರೆಗಿನ ಸುಮಾರು 140 ಮೈಲಿ ಹಾದಿಯನ್ನು ಕಂಪೆನಿಗೆ ವಹಿಸಲಾಯಿತು. ಅದರ ಆಧಾರದ ಮೇಲೆ ಕಂಪೆನಿ ಲಂಡನ್ನಿನಲ್ಲಿ ಶೇಕಡಾ 4ರ ಬಡ್ಡಿಗೆ ಸಾಲವೆತ್ತಿತು. 1889ರಲ್ಲಿ ರೈಲು ಹರಿಹರ ಸೇರಿತು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡೋಣ. ನೂರು ರೂಪಾಯಿ ಬಂಡವಾಳಕ್ಕೆ ವರ್ಷಕ್ಕೆ 4 ರೂಪಾಯಿ ಬಡ್ಡಿ. ಟಿಕೆಟ್ಟು ಮತ್ತು ಸರಕಿನ ಆದಾಯದಲ್ಲಿ ಇಂಧನ, ಸಂಬಳ, ದುರಸ್ತಿಯ ಖರ್ಚು ಕಳೆದು 3 ರೂಪಾಯಿ ಉಳಿಯಿತೆನ್ನಿ. ಕೊರತೆಯ 1 ರೂಪಾಯಿಯನ್ನು ತುಂಬಬೇಕಾದವರು ಯಾರು? ಕಂಪೆನಿಯಲ್ಲ, ಸಂಸ್ಥಾನ. ಅಂದರೆ ಕಂದಾಯ ಕಟ್ಟುವ ರೈತ. ಅವರಲ್ಲಿ ರೈಲೇ ಕಾಣದ ಪಾವಗಡದವನೂ ಒಬ್ಬ! ಬಡ್ಡಿ ಕಳೆದು ಹೆಚ್ಚು ಉಳಿದರೆ ಮಾತ್ರ ಲಾಭದಲ್ಲಿ ಕಂಪೆನಿಗೂ ಪಾಲು. ನಷ್ಟದ ಭಯವಿಲ್ಲದ ಇಂಥ ವ್ಯಾಪಾರವನ್ನು ಖಾಸಗಿ ಸಾಹಸವೆಂದು ಕರೆಯುವುದು ನನಗಂತೂ ಕಷ್ಟ.

1908ರಲ್ಲಿ ಈ ಕಂಪೆನಿ ಮದರಾಸ್ ರೈಲ್ವೆಯೊಡನೆ ಸೇರಿ ಮದರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ ಆಯಿತು. ಮದರಾಸಿನ ಬ್ರಾಡ್ ಗೇಜ್ 1864ರಲ್ಲೇ ಬೆಂಗಳೂರಿಗೆ ಬಂದಿತ್ತು. ಕಂಪೆನಿಗಳು ಒಂದಾದವು, ಹಳಿಗಳು ಒಂದಾಗಲಿಲ್ಲ. ಒಂದು ಗೇಜಿನ ವ್ಯಾಗನ್ನಿನಿಂದ ಇನ್ನೊಂದಕ್ಕೆ ಮೂಟೆ ಹೊರುವ ಕೆಲಸ ಹಾಗೆಯೇ ಮುಂದುವರಿಯಿತು.

ಕಂಪೆನಿಯ ಅಂತ್ಯ ದಿವಾಳಿಯಿಂದ ಆದದ್ದಲ್ಲ. ಮೈಸೂರು ಸರ್ಕಾರ 1919ರಲ್ಲಿ ಮೈಸೂರು ಕಡೆಯ ಮಾರ್ಗಗಳನ್ನೂ 1938ರಲ್ಲಿ ಬೆಂಗಳೂರು-ಹರಿಹರ ಮಾರ್ಗವನ್ನೂ ತನ್ನ ಆಡಳಿತಕ್ಕೆ ತೆಗೆದುಕೊಂಡಿತು. 1944ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ಕಂಪೆನಿಯನ್ನೇ ಕೊಂಡಿತು. 1951ರಲ್ಲಿ ಅದೂ ಮೈಸೂರು ರೈಲ್ವೆಯೂ ದಕ್ಷಿಣ ರೈಲ್ವೆಯಲ್ಲಿ ಸೇರಿಹೋದವು.

ಖಾತರಿ ಇಲ್ಲದಿದ್ದರೆ ಏನಾಗುತ್ತದೆ? ಬ್ರಿಟನ್ನಿನಲ್ಲಿ ಲಂಡನ್-ಎಡಿನ್‌ಬರೋ ಮಾರ್ಗವನ್ನು 2007ರ ಡಿಸೆಂಬರ್‌ನಲ್ಲಿ ವಹಿಸಿಕೊಂಡ ನ್ಯಾಷನಲ್ ಎಕ್ಸ್‌ಪ್ರೆಸ್, ಸರ್ಕಾರಕ್ಕೆ 140 ಕೋಟಿ ಪೌಂಡ್ ಕೊಡುವುದಾಗಿ ಒಪ್ಪಿತ್ತು. ಆರ್ಥಿಕ ಹಿಂಜರಿತ ಬಂದು ನಿರೀಕ್ಷಿಸಿದ ಆದಾಯ ಬರಲಿಲ್ಲ. 2009ರ ನವೆಂಬರ್‌ನಲ್ಲಿ ಮಾರ್ಗ ಸರ್ಕಾರದ ಕೈಗೆ ಮರಳಿತು. ನಮ್ಮಲ್ಲಿ 2020ರಲ್ಲಿ 109 ಮಾರ್ಗಗಳಲ್ಲಿ 151 ಖಾಸಗಿ ರೈಲುಗಳ ಯೋಜನೆ ಪ್ರಕಟವಾಯಿತು. ಮಾರ್ಗಗಳ 12 ಗುಂಪುಗಳಲ್ಲಿ ಬೆಂಗಳೂರಿನದೂ ಒಂದು. 2021ರಲ್ಲಿ ಟೆಂಡರ್ ತೆರೆದಾಗ ಬಿಡ್ ಸಲ್ಲಿಸಿದ್ದವರು ಇಬ್ಬರೇ, ಅವರಲ್ಲೊಂದು ರೈಲ್ವೆಯದೇ ಅಂಗಸಂಸ್ಥೆ! ಯೋಜನೆ ಅಲ್ಲಿಗೇ ನಿಂತಿತು.

ನಕ್ಷೆಗೆ ಮರಳೋಣ. ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ಹೋಗುವ ತುಮಕೂರು-ರಾಯದುರ್ಗ ಮಾರ್ಗ 2007-08ರಲ್ಲಿ ಮಂಜೂರಾಯಿತು. ಶಿರಾ ಮೂಲಕ ದಾವಣಗೆರೆಗೆ ಹೋಗುವ ಮಾರ್ಗ 2011-12ರಲ್ಲಿ. ಇವುಗಳ ವೆಚ್ಚವನ್ನು ರೈಲ್ವೆಯೊಡನೆ ಹಂಚಿಕೊಳ್ಳಲು ಕರ್ನಾಟಕ ಸರ್ಕಾರ ಒಪ್ಪಿತು. ಯಾವ ಕಂಪೆನಿಯೂ ಇದರಲ್ಲಿ ಪಾಲು ಕೇಳಿರಲಿಲ್ಲ.